ಪಿಕೆಟ್ ಬೀದಿಯಿಂದ ರೂಜ್ ನದಿಯವರೆಗೆ

ಫೋರ್ಡ್ ಕಂಪನಿಯ ಇತಿಹಾಸ ನೋಡಬೇಕು ಅಂತ ಡೆಟ್ರಾಯಿಟ್‌ಗೆ ಹೋದವರು ಸಾಮಾನ್ಯವಾಗಿ ಸೀದಾ ಪಕ್ಕದ ಊರಾದ ಡಿಯರ್‌ಬಾರ್ನ್‌ನ ದೊಡ್ಡ ಮ್ಯೂಸಿಯಂಗೆ ಹೋಗುತ್ತಾರೆ. ನಾನು ಮೊದಲು ಪಿಕೆಟ್ ಅವೆನ್ಯೂಗೆ ಹೋದೆ. ಹಾಗೆ ಹೋಗಿದ್ದೇ ಒಳ್ಳೆಯದಾಯ್ತು. ಕಂಪನಿ ಬೆಳೆದಂತೆಲ್ಲ ಒಂದಾದ ಮೇಲೊಂದು ಕಟ್ಟಿದ ಮೂರು ಕಾರ್ಖಾನೆಗಳು ಈ ಊರಿನ ಸುತ್ತಮುತ್ತಲೇ ಇವೆ. ಕಟ್ಟಿದ ಕ್ರಮದಲ್ಲೇ ಅವನ್ನು ನೋಡುತ್ತಾ ಹೋದರೆ, ಕಾರಿಗಿಂತ ಜಾಸ್ತಿ ಕಾರು ಮಾಡುವವರ ಕೈಕೆಲಸ ಹೇಗೆ ಬದಲಾಯ್ತು ಅನ್ನುವುದು ತಿಳಿಯುತ್ತದೆ.

ಪಿಕೆಟ್ ಕಾರ್ಖಾನೆ ಮೂರು ಮಹಡಿಯ ಇಟ್ಟಿಗೆ ಕಟ್ಟಡ. ಉದ್ದ 402 ಅಡಿ, ಅಗಲ ಬರೀ 56 ಅಡಿ. ಹೊರಗಿನಿಂದ ನೋಡಿದರೆ ಹಳೆಯ ಬಟ್ಟೆ ಗಿರಣಿ ಅಂತಲೇ ಅನಿಸುತ್ತದೆ. ಅದಕ್ಕೆ ಕಾರಣವೂ ಇದೆ. 1904ರಲ್ಲಿ ಇದನ್ನು ಕಟ್ಟಿದಾಗ ಕಾರು ಕಾರ್ಖಾನೆ ಹೀಗೇ ಇರಬೇಕು ಅನ್ನುವ ಮಾದರಿಯೇ ಇರಲಿಲ್ಲ. ಹಾಗಾಗಿ ನ್ಯೂ ಇಂಗ್ಲೆಂಡ್ ಕಡೆಯ ಬಟ್ಟೆ ಗಿರಣಿಗಳ ನಕ್ಷೆಯನ್ನೇ ಅನುಸರಿಸಿದರು. ಕಟ್ಟಡ ಕಿರಿದಾಗಿದ್ದರೆ ಎರಡೂ ಕಡೆಯ ಕಿಟಕಿಗಳಿಂದ ಬೆಳಕು ನಡುವಿನವರೆಗೂ ಬರುತ್ತದೆ ಅಲ್ವಾ, ಅದೇ ಲೆಕ್ಕ. 1901ರಲ್ಲಿ ಇದೇ ಊರಿನ ಓಲ್ಡ್ಸ್ ಕಾರು ಕಾರ್ಖಾನೆ ಬೆಂಕಿಗೆ ಸುಟ್ಟುಹೋಗಿತ್ತು. ಇಲ್ಲಿ ಬೆಂಕಿ ತಡೆಯುವ ದಪ್ಪ ಗೋಡೆಗಳು ಕಟ್ಟಡವನ್ನು ನಾಲ್ಕು ಭಾಗ ಮಾಡಿವೆ. ಚಾವಣಿಯಲ್ಲಿ ನೀರು ಚಿಮ್ಮಿಸುವ ಕೊಳವೆಗಳೂ ಇವೆ. ಬಹುಶಃ ಅದರಿಂದಲೇ ಕಟ್ಟಡ ಇವತ್ತಿಗೂ ನಿಂತಿದೆ.

ಒಳಗೆ ಕಾಲಿಟ್ಟ ಕೂಡಲೇ ನನ್ನ ಕಣ್ಣು ಹೋಗಿದ್ದು ಕಾರುಗಳ ಮೇಲಲ್ಲ, ನೆಲದ ಮೇಲೆ. ಮರದ ಹಲಗೆಯ ನೆಲ. ಎಣ್ಣೆ ಕುಡಿದು ಕಪ್ಪಾಗಿದೆ. ಗೋಡೆಯ ಬಣ್ಣ ಅಲ್ಲಲ್ಲಿ ಎದ್ದಿದೆ. ಅದನ್ನು ಮುಚ್ಚಿ ಹೊಸದು ಮಾಡದೆ ಹಾಗೇ ಬಿಟ್ಟಿದ್ದಾರೆ. ಕಂಪನಿ ಶುರುವಾಗಿದ್ದು 1903ರ ಜೂನ್ 16ರಂದು. ಕೈಯಲ್ಲಿದ್ದ ಹಣ 28 ಸಾವಿರ ಡಾಲರ್. ಆಮೇಲಿನ ವರ್ಷಗಳಲ್ಲಿ ಎ, ಬಿ, ಸಿ ಅಂತ ಅಕ್ಷರಗಳ ಹೆಸರಿಟ್ಟು ಮಾದರಿಗಳನ್ನು ಮಾಡುತ್ತಾ ಹೋದರು. ದುಬಾರಿಯ ಆರು ಸಿಲಿಂಡರಿನ ಕೆ ಕೂಡ ಬಂತು, ಅಗ್ಗದ ಎನ್ ಕೂಡ ಬಂತು. ಜನ ಮುಗಿಬಿದ್ದು ತೆಗೆದುಕೊಂಡಿದ್ದು ಅಗ್ಗದ್ದನ್ನೇ. ಹೆನ್ರಿ ಫೋರ್ಡ್ ಬಯಸಿದ್ದೂ ಅದನ್ನೇ.

ಮೂರನೇ ಮಹಡಿಯ ಮೂಲೆಯಲ್ಲಿ ಒಂದು ಕೋಣೆ. ಅದನ್ನು ಮತ್ತೆ ಮೊದಲಿನ ಹಾಗೆ ಕಟ್ಟಿದ್ದಾರೆ. ಮಾಡೆಲ್ ಟಿ ಕಾರು ಹುಟ್ಟಿದ್ದು ಅಲ್ಲಿ. ಹಂಗೇರಿಯಿಂದ ಬಂದ ಎಂಜಿನಿಯರ್ ಜೋಸೆಫ್ ಗಲಾಂಬ್ ಕಪ್ಪು ಹಲಗೆಯ ಮೇಲೆ ಭಾಗಗಳ ಚಿತ್ರ ಬರೆಯುತ್ತಿದ್ದರು. ಫೋರ್ಡ್ ತಮ್ಮ ತಾಯಿಯ ತೂಗು ಕುರ್ಚಿಯಲ್ಲಿ ಕೂತು ಗಂಟೆಗಟ್ಟಲೆ ಅದನ್ನೇ ನೋಡುತ್ತಿದ್ದರು. ಚೈಲ್ಡ್ ಹೆರಾಲ್ಡ್ ವಿಲ್ಸ್ ವೆನೇಡಿಯಂ ಬೆರೆಸಿದ ಉಕ್ಕಿನ ಕೆಲಸ ನೋಡಿಕೊಂಡರು. ಅದು ಹಗುರ, ಆದರೆ ಗಟ್ಟಿ. ಹಳ್ಳಿಯ ಕೆಸರು ರಸ್ತೆಯಲ್ಲಿ ಮುರಿಯದೆ ಓಡುವ ಕಾರಿಗೆ ಬೇಕಿದ್ದದ್ದೇ ಅದು. 1908ರ ಅಕ್ಟೋಬರ್ 1ರಂದು ಕಾರು ಮಾರಾಟಕ್ಕೆ ಬಂತು. 20 ಅಶ್ವಶಕ್ತಿ, ನಾಲ್ಕು ಸಿಲಿಂಡರ್, ಬೆಲೆ 850 ಡಾಲರ್. ಮೊದಲ ಸುಮಾರು 12 ಸಾವಿರ ಮಾಡೆಲ್ ಟಿ ಕಾರುಗಳು ಹೊರಗೆ ಬಂದಿದ್ದು ಇದೇ ಮರದ ನೆಲದ ಮೇಲಿನಿಂದ.

ಆಗ ಕಾರು ನಿಂತ ಜಾಗದಲ್ಲೇ ಇರುತ್ತಿತ್ತು. ಜನ ಅದರ ಬಳಿಗೆ ಹೋಗುತ್ತಿದ್ದರು. ಭಾಗಗಳನ್ನು ತಂದು, ಹೊಂದದಿದ್ದರೆ ಅರ ಹಾಕಿ ಉಜ್ಜಿ ಕೂರಿಸುತ್ತಿದ್ದರು. ಒಂದು ಗುಂಪಿನವರಿಗೆ ಕಾರಿನ ಬಹುಪಾಲು ಗೊತ್ತಿರುತ್ತಿತ್ತು. ಫೋರ್ಡ್ ಕಂಪನಿಯಲ್ಲಿದ್ದ ಚಾರ್ಲ್ಸ್ ಸೊರೆನ್ಸನ್ ಮುಂದೆ ಬರೆದುಕೊಂಡ ಪ್ರಕಾರ, 1908ರ ಬೇಸಿಗೆಯಲ್ಲಿ ಕಾರ್ಖಾನೆಗೆ ರಜೆ ಇದ್ದ ಭಾನುವಾರಗಳಂದು ಅವರೂ ಕೆಲವು ಜೊತೆಗಾರರೂ ಕಾರಿನ ಚೌಕಟ್ಟಿಗೆ ಹಗ್ಗ ಕಟ್ಟಿ ಈ ನೆಲದ ಮೇಲೆ ಎಳೆದು ನೋಡಿದರಂತೆ. ಜನ ಕಾರಿನ ಬಳಿ ಹೋಗುವ ಬದಲು ಕಾರೇ ಜನರ ಬಳಿ ಬಂದರೆ ಹೇಗೆ? ಆ ಉದ್ದನೆಯ ಹಜಾರದ ಒಂದು ತುದಿಯಲ್ಲಿ ನಿಂತು ಇನ್ನೊಂದು ತುದಿ ನೋಡಿದೆ. ಇಲ್ಲಿ ಹಗ್ಗ ಹಿಡಿದು ಎಳೆದವರಿಗೆ ಅದು ಎಲ್ಲಿಯವರೆಗೆ ಹೋಗಬಹುದು ಅಂತ ಹೊಳೆದಿತ್ತೋ ಇಲ್ಲವೋ.

ಅದು ಹೋಗಿದ್ದು ಹೈಲ್ಯಾಂಡ್ ಪಾರ್ಕ್‌ಗೆ. ಪಿಕೆಟ್‌ನಿಂದ ವುಡ್‌ವರ್ಡ್ ಅವೆನ್ಯೂ ಹಿಡಿದು ಉತ್ತರಕ್ಕೆ ಕಾರಿನಲ್ಲಿ ಕೆಲವೇ ನಿಮಿಷ. ಹೈಲ್ಯಾಂಡ್ ಪಾರ್ಕ್ ಸುತ್ತ ಬಹುತೇಕ ಡೆಟ್ರಾಯಿಟ್ ಇದೆ, ಆದರೂ ಅದು ಬೇರೆಯೇ ಊರು. ಅಲ್ಲಿ ಟಿಕೆಟ್ ಕೌಂಟರ್ ಇಲ್ಲ, ಗೈಡ್ ಇಲ್ಲ. ರಸ್ತೆ ಬದಿಗೆ ಸರ್ಕಾರದ ಒಂದು ಸ್ಮಾರಕ ಫಲಕ ಇದೆ. ಅಂಗಡಿಗಳ ಸಾಲಿಗೆ ಮಾಡೆಲ್ ಟಿ ಪ್ಲಾಜಾ ಅಂತ ಹೆಸರಿಟ್ಟಿದ್ದಾರೆ. ಅದರ ಹಿಂದೆ ಹಳೆಯ ಕಾರ್ಖಾನೆಯ ಉಳಿದ ಕಟ್ಟಡಗಳು ನಿಂತಿವೆ. ಬೇಲಿಯ ಈಚೆಯಿಂದಲೇ ನೋಡಬೇಕು.

1910ರ ಮೊದಲ ದಿನ ಈ ಕಾರ್ಖಾನೆ ಶುರುವಾಯಿತು. ವಾಸ್ತುಶಿಲ್ಪಿ ಆಲ್ಬರ್ಟ್ ಕಾನ್ ಕಾಂಕ್ರೀಟಿನಲ್ಲಿ ಕಟ್ಟಿದ್ದು. ಗೋಡೆ ಕಡಿಮೆ, ಗಾಜು ಜಾಸ್ತಿ. ಇಡೀ ಪ್ರವಾಸದಲ್ಲಿ ನಾನು ಹೆಚ್ಚು ಹೊತ್ತು ಯೋಚಿಸುತ್ತಾ ನಿಂತಿದ್ದು ಈ ಬೇಲಿಯ ಹತ್ತಿರವೇ. 1913ರ ಏಪ್ರಿಲ್‌ನಲ್ಲಿ ಇಲ್ಲಿ ಮ್ಯಾಗ್ನೆಟೊ ಅನ್ನುವ ಸಣ್ಣ ಭಾಗದಿಂದ ಪ್ರಯೋಗ ಶುರು ಮಾಡಿದರು. ಎಂಜಿನ್‌ಗೆ ಕಿಡಿ ಕೊಡುವ ಭಾಗ ಅದು. ಮೊದಲು ಒಬ್ಬ ಕೆಲಸಗಾರ ಇಡೀ ಮ್ಯಾಗ್ನೆಟೊ ಜೋಡಿಸಲು ಸುಮಾರು 20 ನಿಮಿಷ ತೆಗೆದುಕೊಳ್ಳುತ್ತಿದ್ದ. ಅದೇ ಕೆಲಸವನ್ನು 29 ತುಂಡು ಮಾಡಿ, 29 ಜನರನ್ನು ಸಾಲಾಗಿ ನಿಲ್ಲಿಸಿದರು. ಒಬ್ಬ ಎರಡು ಬೋಲ್ಟ್ ಹಾಕಿದರೆ ಮುಗಿಯಿತು, ಪಕ್ಕದವನ ಕಡೆಗೆ ತಳ್ಳಬೇಕು. ಸಮಯ 13 ನಿಮಿಷಕ್ಕೆ ಇಳಿಯಿತು. ಬಗ್ಗಿ ಬಗ್ಗಿ ಬೆನ್ನು ನೋಯುತ್ತದೆ ಅಂತ ಸಾಲಿನ ಎತ್ತರ ಏರಿಸಿದರು, ಆಮೇಲೆ ಸರಪಳಿ ಹಾಕಿ ಎಳೆಸಿದರು. ಕೊನೆಗೆ 5 ನಿಮಿಷ ಸಾಕಾಯಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಇಡೀ ಚೌಕಟ್ಟನ್ನೇ ಎಳೆಯಲು ಶುರು ಮಾಡಿದರು. ಹನ್ನೆರಡೂವರೆ ಗಂಟೆಯ ಕೆಲಸ ಕೆಲವೇ ತಿಂಗಳಲ್ಲಿ 93 ನಿಮಿಷಕ್ಕೆ ಬಂತು. ಷಿಕಾಗೊದ ಕಸಾಯಿಖಾನೆಯಲ್ಲಿ ಕೊಕ್ಕೆಗೆ ತೂಗುಹಾಕಿದ ಮಾಂಸ ಒಬ್ಬರಿಂದ ಒಬ್ಬರಿಗೆ ಸಾಗುವುದನ್ನು ನೋಡಿ ಬಂದಿದ್ದ ಫೋರ್ಡ್ ಕಂಪನಿಯ ವಿಲಿಯಂ ಕ್ಲಾನ್ ಈ ಯೋಚನೆಗೆ ಬಲ ಕೊಟ್ಟರು ಅಂತ ಹೇಳುತ್ತಾರೆ.

ಆದರೆ ಕೆಲಸಗಾರರು ಕೆಲಸದಲ್ಲಿ ಉಳಿಯಲಿಲ್ಲ. ದಿನವಿಡೀ ಅದೇ ಎರಡು ಬೋಲ್ಟ್ ಬಿಗಿಯುವುದು ಯಾರಿಗೆ ತಾನೇ ಹಿಡಿಸುತ್ತದೆ? 1913ರಲ್ಲಿ ಕೆಲಸ ಬಿಟ್ಟು ಹೋಗುವವರ ಪ್ರಮಾಣ ಶೇಕಡಾ 370ಕ್ಕೆ ಏರಿತು. ಅಂದರೆ ಒಂದೊಂದು ಜಾಗ ತುಂಬಲು ವರ್ಷಕ್ಕೆ ಮೂರು ನಾಲ್ಕು ಜನ ಬೇಕಾಗುತ್ತಿದ್ದರು. 1914ರ ಜನವರಿ 5ರಂದು ಕಂಪನಿ ದಿನಕ್ಕೆ 5 ಡಾಲರ್ ಕೊಡುತ್ತೇವೆ, ಒಂಬತ್ತು ಗಂಟೆಯ ಬದಲು ಎಂಟು ಗಂಟೆ ಕೆಲಸ ಅಂತ ಘೋಷಿಸಿತು. ಹಳೆಯ ಕೂಲಿಯ ಎರಡರಷ್ಟು ಅದು. ಕೊರೆಯುವ ಚಳಿಯಲ್ಲಿ ಸಾವಿರಾರು ಜನ ಈ ಗೇಟಿನ ಮುಂದೆ ಸೇರಿದರು. ಗುಂಪು ಚದುರಿಸಲು ಅವರ ಮೇಲೆ ತಣ್ಣೀರು ಬಿಟ್ಟರು. ಆ 5 ಡಾಲರ್ ಎಲ್ಲರಿಗೂ ಸುಮ್ನೆ ಸಿಗುತ್ತಲೂ ಇರಲಿಲ್ಲ. ಕಂಪನಿಯ ಜನ ಕೆಲಸಗಾರರ ಮನೆಗೆ ಬಂದು, ಮನೆ ಚೊಕ್ಕಟವಾಗಿದೆಯಾ, ಕುಡಿಯುತ್ತಾನಾ, ಹಣ ಉಳಿಸುತ್ತಾನಾ ಅಂತ ವಿಚಾರಿಸುತ್ತಿದ್ದರು. ಒಳ್ಳೆಯ ಕೂಲಿ ಕೊಟ್ಟಿದ್ದು ದೊಡ್ಡ ಕೆಲಸ, ಅದರಲ್ಲಿ ಎರಡು ಮಾತಿಲ್ಲ. ಆದರೆ ಕೂಲಿಯ ಜೊತೆಗೆ ಮನೆಯೊಳಗೂ ಕೈ ಹಾಕಿದ್ದು ನನಗೆ ಸರಿ ಅನಿಸುವುದಿಲ್ಲ.

ಕಾರಿನ ಬೆಲೆ ಮಾತ್ರ ಇಳಿಯುತ್ತಲೇ ಹೋಯಿತು. 1925ರ ಹೊತ್ತಿಗೆ 260 ಡಾಲರಿಗೆ ಮಾಡೆಲ್ ಟಿ ಸಿಗುತ್ತಿತ್ತು. ಈಗ ಊರಿನ ಸ್ಥಿತಿ ನೋಡಿದರೆ ಸಂಕಟ ಆಗುತ್ತದೆ. 1930ರಲ್ಲಿ ಹೈಲ್ಯಾಂಡ್ ಪಾರ್ಕ್‌ನಲ್ಲಿ 50 ಸಾವಿರಕ್ಕೂ ಹೆಚ್ಚು ಜನ ಇದ್ದರು, ಈಗ 10 ಸಾವಿರವೂ ಇಲ್ಲ. ಫೋರ್ಡ್ ಕೆಲಸ ಡಿಯರ್‌ಬಾರ್ನ್‌ನ ರೂಜ್ ನದಿ ದಂಡೆಯ ಮೂರನೇ ಕಾರ್ಖಾನೆಗೆ ಹೋಯಿತು, ಆಮೇಲೆ ಇನ್ನೊಂದು ಕಾರು ಕಂಪನಿ ಕ್ರೈಸ್ಲರ್‌ನ ಮುಖ್ಯ ಕಚೇರಿಯೂ ಊರು ಬಿಟ್ಟಿತು. 2011ರಲ್ಲಿ ಕರೆಂಟ್ ಬಿಲ್ ಕಟ್ಟಲಾಗದೆ ಸಾವಿರಕ್ಕೂ ಹೆಚ್ಚು ಬೀದಿ ದೀಪಗಳನ್ನೇ ಕಿತ್ತರು. ಜಗತ್ತಿಗೆಲ್ಲ ಕಾರು ಮಾಡುವುದನ್ನು ಕಲಿಸಿದ ಜಾಗ ಇದು.

ಡಿಯರ್‌ಬಾರ್ನ್ ಮ್ಯೂಸಿಯಂ ಬಗ್ಗೆ ಎಲ್ಲರೂ ಬರೆದಿದ್ದಾರೆ, ನಾನು ಚುಟುಕಾಗಿ ಹೇಳುತ್ತೇನೆ. 1896ರ ಜೂನ್‌ನಲ್ಲಿ ಫೋರ್ಡ್ ತಮ್ಮ ಮನೆಯ ಹಿಂದಿನ ಶೆಡ್ಡಿನಲ್ಲಿ ಮಾಡಿದ ಮೊದಲ ಗಾಡಿ ಇಲ್ಲಿದೆ. ಸೈಕಲ್ ಚಕ್ರದಂಥ ನಾಲ್ಕು ಚಕ್ರ, ಮೇಲೊಂದು ಸೀಟು. ಅದು ಬಾಗಿಲಲ್ಲಿ ಹಿಡಿಸದೆ ಇಟ್ಟಿಗೆ ಗೋಡೆ ಒಡೆದು ಹೊರಗೆ ತಂದರು. ಅಧ್ಯಕ್ಷ ಕೆನಡಿ ಕೊನೆಯ ಬಾರಿ ಕೂತಿದ್ದ ಲಿಂಕನ್ ಕಾರು ಇಲ್ಲಿದೆ. 1955ರಲ್ಲಿ ಕಪ್ಪು ಮಹಿಳೆ ರೋಸಾ ಪಾರ್ಕ್ಸ್ ಬಿಳಿಯರಿಗಾಗಿ ಸೀಟು ಬಿಟ್ಟು ಏಳಲು ಒಪ್ಪದ ಬಸ್ಸೂ ಇಲ್ಲಿದೆ. ಆ ಬಸ್ಸಿನೊಳಗೆ ಹತ್ತಿ ಕೂರಬಹುದು. ನಾನು ಕೂತಾಗ ಪಕ್ಕದಲ್ಲಿ ಒಂದು ಶಾಲೆಯ ಮಕ್ಕಳ ಗುಂಪಿತ್ತು. ಯಾರೂ ಗಲಾಟೆ ಮಾಡಲಿಲ್ಲ.

ಇಷ್ಟೆಲ್ಲ ಕೂಡಿಸಿಟ್ಟ ಫೋರ್ಡ್ ತಮ್ಮ ಪತ್ರಿಕೆ ಡಿಯರ್‌ಬಾರ್ನ್ ಇಂಡಿಪೆಂಡೆಂಟ್‌ನಲ್ಲಿ 1920ರಿಂದ ವರ್ಷಗಟ್ಟಲೆ ಯೆಹೂದ್ಯರ ವಿರುದ್ಧ ವಿಷ ಕಾರಿಸಿದರು. 1927ರಲ್ಲಿ ಕ್ಷಮೆ ಕೇಳಿದರು, ಆದರೆ ಅಷ್ಟರಲ್ಲಿ ಆ ಬರಹಗಳು ಜರ್ಮನಿಯವರೆಗೂ ಹೋಗಿದ್ದವು. ಕಾರಿನ ಕಥೆ ಹೇಳುವಾಗ ಇದನ್ನು ಬಿಟ್ಟು ಹೇಳಬಾರದು. ಇದೇ ಮನುಷ್ಯ 1941ರಲ್ಲಿ ಗಾಂಧೀಜಿಗೆ ಮೆಚ್ಚುಗೆಯ ಪತ್ರ ಬರೆದರು. ಗಾಂಧೀಜಿ ತಮ್ಮ ಸಹಿ ಇರುವ ಚರಕ ಕಳಿಸಿಕೊಟ್ಟರು. ಯಂತ್ರ ಮನುಷ್ಯನ ಕೈಯನ್ನು ಕಸಿಯಬಾರದು ಅಂದವರು ಒಬ್ಬರು, ಕೈಕೆಲಸವನ್ನು 29 ತುಂಡು ಮಾಡಿಸಿದವರು ಇನ್ನೊಬ್ಬರು. ಇಬ್ಬರ ನಡುವೆ ಪತ್ರ ಓಡಾಡಿತ್ತು ಅನ್ನುವುದೇ ನನಗೆ ದೊಡ್ಡ ಅಚ್ಚರಿ.

ಮ್ಯೂಸಿಯಂ ಪಕ್ಕದ ಗ್ರೀನ್‌ಫೀಲ್ಡ್ ವಿಲೇಜ್‌ನಲ್ಲಿ ಮಾಡೆಲ್ ಟಿ ಸವಾರಿ ಇದೆ. ಬಿಡಬೇಡಿ. ನಾನು ಡ್ರೈವರ್ ಪಕ್ಕದಲ್ಲೇ ಕೂತು ಅವರ ಕೈಕಾಲು ನೋಡುತ್ತಿದ್ದೆ. ಕೆಳಗೆ ಮೂರು ಪೆಡಲ್. ಎಡಗಡೆಯದು ಗೇರಿಗೆ: ಪೂರ್ತಿ ಒತ್ತಿದರೆ ನಿಧಾನದ ಗೇರು, ಪೂರ್ತಿ ಬಿಟ್ಟರೆ ವೇಗದ ಗೇರು. ನಡುವಿನದು ಹಿಂದಕ್ಕೆ ಹೋಗಲು. ಬಲಗಡೆಯದು ಬ್ರೇಕ್. ಆಕ್ಸಿಲರೇಟರ್ ಕಾಲಲ್ಲಿ ಇಲ್ಲವೇ ಇಲ್ಲ, ಸ್ಟೀರಿಂಗ್ ಕೆಳಗಿನ ಸಣ್ಣ ಕಡ್ಡಿಯಲ್ಲಿದೆ. ಪೆಟ್ರೋಲ್ ಪಂಪ್ ಕೂಡ ಇಲ್ಲ. ಟ್ಯಾಂಕ್ ಸೀಟಿನ ಕೆಳಗೆ, ಪೆಟ್ರೋಲ್ ತಾನಾಗೇ ಇಳಿದು ಎಂಜಿನ್‌ಗೆ ಬರಬೇಕು. ಹಾಗಾಗಿ ಟ್ಯಾಂಕಿನಲ್ಲಿ ಕಡಿಮೆ ಇದ್ದಾಗ ಕಡಿದಾದ ಗುಡ್ಡ ಎದುರಾದರೆ ಕಾರು ತಿರುಗಿಸಿ ಹಿಮ್ಮುಖವಾಗಿ ಹತ್ತಿಸುತ್ತಿದ್ದರು! 1927ರ ಮೇ ತಿಂಗಳವರೆಗೆ ಇಂಥ 1 ಕೋಟಿ 50 ಲಕ್ಷ ಕಾರುಗಳು ಬಂದವು. ಬಿಡಿಸಿ ರಿಪೇರಿ ಮಾಡುವುದು ರೈತರಿಗೂ ಸಾಧ್ಯವಿತ್ತು.

ರೂಜ್ ಕಾರ್ಖಾನೆಗೆ ಮ್ಯೂಸಿಯಂನಿಂದಲೇ ಬಸ್ಸು. ಸುಮಾರು ಒಂದೂವರೆ ಮೈಲಿ ಉದ್ದ, ಒಂದು ಮೈಲಿ ಅಗಲ. 1917ರಿಂದ 1928ರವರೆಗೆ ಕಟ್ಟಿದರು. ಹಡಗಿನಲ್ಲಿ ಅದಿರು, ಕಲ್ಲಿದ್ದಲು ಬಂದು ಇಳಿದರೆ, ಇನ್ನೊಂದು ಕಡೆಯಿಂದ ಕಾರು ಹೊರಗೆ ಹೋಗಬೇಕು. ಉಕ್ಕು, ಗಾಜು, ಕರೆಂಟು ಎಲ್ಲ ಒಳಗೇ. ಒಳಗೇ 100 ಮೈಲಿ ರೈಲು ಹಳಿ. 1930ರ ದಶಕದಲ್ಲಿ ಇಲ್ಲಿ ಒಂದು ಲಕ್ಷ ಜನ ಕೆಲಸ ಮಾಡುತ್ತಿದ್ದರು. ಈಗ ನಾವು ನೋಡುವುದು ಎಫ್-150 ಟ್ರಕ್ ಜೋಡಿಸುವ ಭಾಗ. ಮೇಲಿನ ಸೇತುವೆಯಂಥ ದಾರಿಯಲ್ಲಿ ನಡೆಯುತ್ತಾ ಕೆಳಗೆ ನೋಡಬೇಕು, ಫೋಟೋ ತೆಗೆಯುವ ಹಾಗಿಲ್ಲ. ಸುಮಾರು ನಿಮಿಷಕ್ಕೊಂದು ಟ್ರಕ್ ಮುಂದಕ್ಕೆ ಸರಿಯುತ್ತದೆ. ಒಬ್ಬಾಕೆ ಬಾಗಿಲಿನ ರಬ್ಬರ್ ಪಟ್ಟಿ ಒತ್ತಿ ಕೂರಿಸುತ್ತಿದ್ದಳು. ಮುಗಿಸಿ, ಎರಡು ಹೆಜ್ಜೆ ಹಿಂದೆ ಬಂದು, ಮುಂದಿನ ಬಾಗಿಲಿಗೆ ಕೈ ಹಾಕುತ್ತಿದ್ದಳು. ನಾನು ಅವಳನ್ನೇ ನೋಡುತ್ತಾ ಬಹಳ ಹೊತ್ತು ನಿಂತೆ. ಕಟ್ಟಡದ ಚಾವಣಿಯ ಮೇಲೆ 10 ಎಕರೆಗೂ ಹೆಚ್ಚು ಹಸಿರು ಬೆಳೆಸಿದ್ದಾರೆ. ಅದು ಮಳೆ ನೀರು ಹಿಡಿಯುತ್ತದೆ. 1964ರಲ್ಲಿ ಬಂದ ಮಸ್ಟಾಂಗ್ ಕಾರು ಕೂಡ 2004ರವರೆಗೆ ಈ ಆವರಣದಲ್ಲೇ ತಯಾರಾಗುತ್ತಿತ್ತು.

ಹೊರಗೆ ಮಿಲ್ಲರ್ ರಸ್ತೆ. 1932ರ ಮಾರ್ಚ್ 7ರಂದು ಕೆಲಸ ಕಳೆದುಕೊಂಡವರು ಹಸಿವಿನ ಮೆರವಣಿಗೆ ಮಾಡಿಕೊಂಡು ಇಲ್ಲಿಗೆ ಬಂದಾಗ ಗುಂಡು ಹಾರಿಸಿದರು. ನಾಲ್ವರು ಅಂದೇ ಸತ್ತರು, ಇನ್ನೊಬ್ಬರು ಆಮೇಲೆ. 1937ರ ಮೇ 26ರಂದು ಗೇಟ್ 4ರ ಮೇಲ್ಸೇತುವೆಯಲ್ಲಿ ಕಾರ್ಮಿಕ ಸಂಘದ ವಾಲ್ಟರ್ ರಾಯ್ಟರ್ ಮತ್ತು ಜೊತೆಗಾರರನ್ನು ಕಂಪನಿಯ ಕಾವಲು ಪಡೆ ಹಿಡಿದು ಬಡಿಯಿತು. ಒಬ್ಬ ಪತ್ರಿಕಾ ಛಾಯಾಗ್ರಾಹಕ ತಾನು ತೆಗೆದ ಪ್ಲೇಟುಗಳನ್ನು ಕಾರಿನಲ್ಲಿ ಬಚ್ಚಿಟ್ಟು, ಖಾಲಿ ಪ್ಲೇಟುಗಳನ್ನು ಅವರ ಕೈಗೆ ಕೊಟ್ಟುಬಿಟ್ಟ. ಆ ಚಿತ್ರಗಳು ದೇಶವಿಡೀ ಅಚ್ಚಾದವು. 1941ರಲ್ಲಿ ಫೋರ್ಡ್ ಕಂಪನಿ ಕಾರ್ಮಿಕ ಸಂಘದ ಜೊತೆ ಒಪ್ಪಂದಕ್ಕೆ ಸಹಿ ಹಾಕಿತು.

ಕೊನೆಗೆ ಡೆಟ್ರಾಯಿಟ್ ಕಲಾ ಸಂಗ್ರಹಾಲಯಕ್ಕೆ ಹೋದೆ. ಅಲ್ಲೇಕೆ ಅಂತ ಕೇಳಬೇಡಿ, ರೂಜ್ ಕಾರ್ಖಾನೆ ಅತ್ಯಂತ ಚೆನ್ನಾಗಿ ಕಾಣುವುದು ಅಲ್ಲೇ. ಮೆಕ್ಸಿಕೋದ ಚಿತ್ರಕಾರ ಡಿಯೆಗೊ ರಿವೇರಾ 1932ರ ಆ ಗುಂಡೇಟು ನಡೆದ ಮರು ತಿಂಗಳೇ ಊರಿಗೆ ಬಂದು, ಕಾರ್ಖಾನೆ ಸುತ್ತಿ, 27 ಭಿತ್ತಿಚಿತ್ರ ಬರೆದರು. ಉತ್ತರದ ಗೋಡೆಯಲ್ಲಿ ವಿ8 ಎಂಜಿನ್ ತಯಾರಾಗುತ್ತಿದೆ, ದಕ್ಷಿಣದಲ್ಲಿ ಬಾಡಿ ಮತ್ತು ಜೋಡಣೆ. ಪೂರ್ತಿಯಾದ ಕಾರು ಎಲ್ಲಿದೆ ಅಂತ ಹುಡುಕಿದೆ. ದಕ್ಷಿಣದ ಗೋಡೆಯ ನಡುವೆ, ದೂರದಲ್ಲಿ, ಒಂದೇ ಒಂದು ಪುಟ್ಟ ಕೆಂಪು ಕಾರು. ಉಳಿದಂತೆ ಗೋಡೆ ತುಂಬ ಜನ: ಎಳೆಯುವವರು, ಬಗ್ಗಿದವರು, ಹಲ್ಲು ಕಚ್ಚಿ ಎತ್ತುವವರು.

1933ರ ಮಾರ್ಚ್‌ನಲ್ಲಿ ಇದನ್ನು ತೆರೆದಾಗ ದೊಡ್ಡ ಗಲಾಟೆ ಆಯಿತು. ಸುಣ್ಣ ಬಳಿದು ಅಳಿಸಿಬಿಡಿ ಅಂದವರೂ ಇದ್ದರು. ಹಣ ಕೊಟ್ಟು ಬರೆಸಿದ್ದು ಹೆನ್ರಿ ಅವರ ಮಗ, ಆಗ ಕಂಪನಿಯ ಅಧ್ಯಕ್ಷರಾಗಿದ್ದ ಎಡ್ಸೆಲ್ ಫೋರ್ಡ್. ಅವರು ಚಿತ್ರಗಳ ಪರವಾಗಿಯೇ ನಿಂತರು. ಎಡ್ಸೆಲ್ ಅಂದರೆ ಜನರಿಗೆ ನೆನಪಾಗುವುದು 1957ರಲ್ಲಿ ಬಂದು ಮಕಾಡೆ ಬಿದ್ದ ಕಾರು. ಅದು ಅವರು ತೀರಿಕೊಂಡು 14 ವರ್ಷ ಆದ ಮೇಲೆ ಬಂದದ್ದು, ಅದರಲ್ಲಿ ಅವರ ಪಾತ್ರ ಏನೂ ಇಲ್ಲ. ರಿವೇರಾ ದಕ್ಷಿಣದ ಗೋಡೆಯ ಕೆಳಗೆ ಬಲ ಮೂಲೆಯಲ್ಲಿ ಅವರ ಚಿತ್ರವನ್ನೂ ಬರೆದಿದ್ದಾರೆ. ಹೋದರೆ ಹುಡುಕಿ ನೋಡಿ.