ನಿಂತಾಗ ನಡುಗುವ ಕಾರು: ಬಾನೆಟ್ ಎತ್ತುವ ಮೊದಲು

ಸಿಗ್ನಲ್‌ನಲ್ಲಿ ನಿಂತಾಗ ಸ್ಟೀರಿಂಗ್ ನಡುಗುತ್ತದೆ ಎಂದು ನಮ್ಮ ಗ್ಯಾರೇಜಿಗೆ ಬರುವ ಗಾಡಿಗಳಲ್ಲಿ ಹೆಚ್ಚಿನವು ಬೇರೆಲ್ಲೋ ಹೊಸ ಸ್ಪಾರ್ಕ್ ಪ್ಲಗ್ ಹಾಕಿಸಿಕೊಂಡೇ ಬಂದಿರುತ್ತವೆ. ಪ್ಲಗ್ ಬದಲಿಸುವುದು ಸುಲಭ, ಬಿಲ್ಲಿಗೂ ಒಂದು ಸಾಲು ಸಿಗುತ್ತದೆ. ಕೆಲಸ ಕಲಿಯುವ ಹುಡುಗರಿಗೆ ನಾನು ಹೇಳುವುದು ಬೇರೆ: ಮೊದಲು ಸೀಟಿನಲ್ಲಿ ಕೂತು ನಡುಕದ ಲಯ ಹಿಡಿಯಿರಿ.

ಮೂರು ಸಿಲಿಂಡರ್ ಪೆಟ್ರೋಲ್ ಇಂಜಿನ್ 800 ಆರ್‌ಪಿಎಂನಲ್ಲಿ, ಅಂದರೆ ನಿಮಿಷಕ್ಕೆ 800 ಸುತ್ತು ತಿರುಗುವಾಗ, ಸೆಕೆಂಡಿಗೆ 20 ಸಲ ಉರಿಯುತ್ತದೆ. ಎಲ್ಲವೂ ಸರಿಯಾಗಿ ಉರಿಯುತ್ತಿದ್ದರೆ ಕೈಗೆ ತಟ್ಟುವುದು ಒಂದೇ ಸಮನೆ ಝುಮ್ಮೆನ್ನುವ ಸಣ್ಣ ನಡುಕ. ಒಂದು ಸಿಲಿಂಡರ್ ಕೈಕೊಟ್ಟರೆ, ಅಂದರೆ ಮಿಸ್ಸಿಂಗ್ ಇದ್ದರೆ, ಸೆಕೆಂಡಿಗೆ ಆರೇಳು ಸಲ ಇಡೀ ಗಾಡಿ ಕುಲುಕುತ್ತದೆ. ಸೈಲೆನ್ಸರಿನಿಂದ ಸ್ವಲ್ಪ ದೂರದಲ್ಲಿ ಅಂಗೈ ಹಿಡಿದರೆ ಹೊಗೆಯ ಬಡಿತ ತಪ್ಪುವುದೂ ತಿಳಿಯುತ್ತದೆ. ಕುಲುಕಾಟವಿದ್ದರೆ ಪ್ಲಗ್, ಅದಕ್ಕೆ ಕರೆಂಟ್ ಕೊಡುವ ಕಾಯಿಲ್, ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರ್ ಕಡೆ ಹೋಗಿ. ಒಂದನೇ ಸಿಲಿಂಡರಿನ ಕಾಯಿಲನ್ನು ಎರಡನೆಯದಕ್ಕೆ ಅದಲುಬದಲು ಮಾಡಿದಾಗ ಗಾಡಿಯ ದೋಷ ಓದುವ ಸ್ಕ್ಯಾನರಿನ ಪಿ0301 ಕೋಡ್ (ಒಂದನೇ ಸಿಲಿಂಡರಿನ ಮಿಸ್ಸಿಂಗ್) ಪಿ0302 (ಎರಡನೆಯದರ ಮಿಸ್ಸಿಂಗ್) ಆದರೆ ಕಳ್ಳ ಸಿಕ್ಕಿದ ಹಾಗೆ. ಆರ್‌ಪಿಎಂ ಮುಳ್ಳೇ ಏರಿಳಿಯುತ್ತಿದ್ದರೆ ಗಾಳಿ ಎಳೆಯುವ ಹೋಸ್‌ಗಳನ್ನೂ ಇಂಜಿನ್ನಿಗೆ ಹೋಗುವ ಗಾಳಿಯನ್ನು ಹತೋಟಿಯಲ್ಲಿಡುವ ಥ್ರಾಟಲ್ ಬಾಡಿಯನ್ನೂ ನೋಡಿ.

ಮೊನ್ನೆ ಬಂದ ಆಟೊಮ್ಯಾಟಿಕ್ ಕಾರಿನಲ್ಲಿ ಇದಾವುದೂ ಇರಲಿಲ್ಲ. ಪ್ಲಗ್ ಹೊಸದು, ಥ್ರಾಟಲ್ ಬಾಡಿ ಶುಚಿ, ಸ್ಕ್ಯಾನರಿನಲ್ಲಿ ಒಂದು ಕೋಡೂ ಇಲ್ಲ. ಬ್ರೇಕ್ ಒತ್ತಿ 'ಡಿ'ಯಲ್ಲಿ (ಮುಂದೆ ಹೋಗುವ ಗೇರ್) ನಿಲ್ಲಿಸಿದರೆ ಒಳಗನ್ನಡಿಯಲ್ಲಿ ಹಿಂದಿನ ಗೋಡೆ ಮಸುಕಾಗುತ್ತಿತ್ತು; ನ್ಯೂಟ್ರಲ್‌ಗೆ ಹಾಕಿದೊಡನೆ ಸ್ಪಷ್ಟ. ಎಸಿ ಹಾಕಿದರೆ ಇನ್ನೂ ಜೋರು. ಇಂಜಿನ್ ಮೇಲೆ ಭಾರ ಬಿದ್ದಾಗಲಷ್ಟೇ ಹೀಗಾದರೆ ನನ್ನ ಮೊದಲ ಅನುಮಾನ ಮೌಂಟಿಂಗ್ ಮೇಲೆ, ಅಂದರೆ ಇಂಜಿನ್ನನ್ನು ಗಾಡಿಗೆ ಹಿಡಿದಿಡುವ ರಬ್ಬರ್ ಆಧಾರದ ಮೇಲೆ. ರಬ್ಬರ್ ಹರಿದದ್ದನ್ನು ಯಾವ ಸ್ಕ್ಯಾನರೂ ಹೇಳುವುದಿಲ್ಲ.

ಹುಡುಗನನ್ನು ಬ್ರೇಕ್ ಗಟ್ಟಿಯಾಗಿ ಒತ್ತಿ ಕೂರಿಸಿ, 'ಡಿ'ಯಿಂದ 'ಆರ್'ಗೆ (ರಿವರ್ಸ್) ಹಾಕಿಸಿದೆ. ನಾನು ನಿಂತದ್ದು ಪಕ್ಕದಲ್ಲಿ. ಈ ಪರೀಕ್ಷೆಗೆ ಗಾಡಿಯ ಮುಂದೆ ಯಾರೂ ನಿಲ್ಲಕೂಡದು. ಗೇರ್ ಬದಲಾದಾಗಲೆಲ್ಲ ಇಂಜಿನ್ ಧಡ್ಡೆಂದು ಹೊರಳುತ್ತಿತ್ತು. ಗಾಡಿ ಎತ್ತಿ ನೋಡಿದರೆ ಕೆಳಗಿನ ಮೌಂಟಿಂಗ್ ಮೇಲ್ನೋಟಕ್ಕೆ ಗಟ್ಟಿಮುಟ್ಟು. ಲಿವರ್ ಹಾಕಿ ಮೀಟಿದಾಗಲೇ ರಬ್ಬರ್ ಬಾಯಿಬಿಟ್ಟು, ಧೂಳು ತಾಗದ ಕಪ್ಪು ಒಳಗಿನಿಂದ ಹೊಳೆಯಿತು.

ಹೊಸದನ್ನು ಕೂರಿಸುವಾಗ ಇಂಜಿನ್ ತನ್ನ ಜಾಗದಲ್ಲಿ ಸರಿಯಾಗಿ ಕೂತ ಮೇಲಷ್ಟೇ ಬೋಲ್ಟನ್ನು ಪೂರ್ತಿ ಬಿಗಿಯಬೇಕು. ಎಳೆದು ಬಿಗಿದರೆ ರಬ್ಬರ್ ತಿರುಚಿಕೊಂಡೇ ಉಳಿದು, ನಡುಕ ಹಾಗೇ ಇರುತ್ತದೆ. ಇಷ್ಟಾದರೂ ಮೂರು ಸಿಲಿಂಡರಿನ ಗಾಡಿ ನಾಲ್ಕರದ್ದರಷ್ಟು ನುಣುಪಾಗಿ ನಿಲ್ಲುವುದಿಲ್ಲ. ಇದನ್ನು ಕೀ ಕೊಡುವಾಗಲೇ ಮಾಲೀಕರಿಗೆ ಹೇಳಿಬಿಡುತ್ತೇನೆ.