ಅಧ್ಯಕ್ಷರ ಕುರ್ಚಿ ಕೋರ್ಟಿಗೆ ಹೋದಾಗ: ಕಾನೂನು ಶಾಖೆಯಲ್ಲಿ ನಾನು ಕಲಿತದ್ದು

ಸರ್ಕಾರ ಬದಲಾದರೆ ನಮ್ಮ ಶಾಖೆಗೆ ಕೆಲಸ ಜಾಸ್ತಿಯಾಗುತ್ತದೆ. ಹಿಂದಿನ ಸರ್ಕಾರ ನಿಗಮ, ಮಂಡಳಿ, ಪ್ರಾಧಿಕಾರಗಳಿಗೆ ನೇಮಿಸಿದ್ದ ಅಧ್ಯಕ್ಷರು, ಸದಸ್ಯರ ನಾಮನಿರ್ದೇಶನ ರದ್ದಾಯಿತು ಎಂದು ಮೊದಲು ಒಂದು ಆದೇಶ ಬರುತ್ತದೆ. ಅದರ ಬೆನ್ನಿಗೇ ಹೈಕೋರ್ಟಿನಿಂದ ರಿಟ್ ಅರ್ಜಿಯ (ಸರ್ಕಾರದ ಕ್ರಮವನ್ನು ಪ್ರಶ್ನಿಸುವ ಅರ್ಜಿ) ನೋಟಿಸ್ ಬರುತ್ತದೆ. ನಾನು ಒಂದು ಅಭಿವೃದ್ಧಿ ಪ್ರಾಧಿಕಾರದ ಕಾನೂನು ಶಾಖೆಯಲ್ಲಿದ್ದೇನೆ. ಅರ್ಜಿಗೆ ಕಂಡಿಕೆವಾರು ಉತ್ತರ ಸಿದ್ಧಪಡಿಸುವುದು, ಕಡತ ಹೊತ್ತು ಸರ್ಕಾರಿ ವಕೀಲರ ಕಚೇರಿಗೆ ಹೋಗುವುದು, ಕೋರ್ಟಿನ ಆದೇಶವನ್ನು ಆಯುಕ್ತರಿಗೆ ಅರ್ಥವಾಗುವಂತೆ ಟಿಪ್ಪಣಿ ಬರೆಯುವುದು ನನ್ನ ಕೆಲಸ. ಇಂಥ ಕಚೇರಿಗೆ ಹೊಸದಾಗಿ ಬರುವವರಿಗೆ ಉಪಯೋಗವಾಗಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಈ ಕುರ್ಚಿಗಳಿಗೆ ಇಷ್ಟೊಂದು ಪೈಪೋಟಿ ಯಾಕೆ ಅಂತ ಮೊದಲು ತಿಳಿದಿರಬೇಕು. ಸಂವಿಧಾನಕ್ಕೆ 2003ರ 91ನೇ ತಿದ್ದುಪಡಿ ಬಂದ ಮೇಲೆ ಮಂತ್ರಿಮಂಡಲದ ಗಾತ್ರ ವಿಧಾನಸಭೆಯ ಸದಸ್ಯಬಲದ ಶೇ 15 ಮೀರುವ ಹಾಗಿಲ್ಲ. ನಮ್ಮಲ್ಲಿ 224 ಶಾಸಕರು, ಅಂದರೆ ಮುಖ್ಯಮಂತ್ರಿ ಸೇರಿ 34 ಮಂದಿ. ಮಂತ್ರಿ ಆಗದೆ ಉಳಿದ ಶಾಸಕರು, ಟಿಕೆಟ್ ಸಿಗದವರು, ಚುನಾವಣೆಯಲ್ಲಿ ದುಡಿದ ಕಾರ್ಯಕರ್ತರು ಎಲ್ಲರ ಕಣ್ಣೂ ಆಮೇಲೆ ನಿಗಮ-ಮಂಡಳಿಗಳ ಮೇಲೆ ಬೀಳುತ್ತದೆ. ಇದನ್ನು ತಪ್ಪು ಅಂತ ನಾನು ಹೇಳುವುದಿಲ್ಲ, ಕಾನೂನೇ ಸರ್ಕಾರಕ್ಕೆ ಆ ಅಧಿಕಾರ ಕೊಟ್ಟಿದೆ. ಆದರೆ ಬಂದ ದಾರಿ ಯಾವುದು ಎಂಬುದರ ಮೇಲೆ ಹೋಗುವ ದಾರಿಯೂ ನಿಂತಿರುತ್ತದೆ. ಕೋರ್ಟಿನಲ್ಲಿ ಗೆಲ್ಲುವುದು ಸೋಲುವುದು ಬಹುಪಾಲು ಅಲ್ಲೇ ತೀರ್ಮಾನವಾಗಿರುತ್ತದೆ.

ಹಾಗಾಗಿ ಅರ್ಜಿ ಕೈಗೆ ಬಂದ ಕೂಡಲೇ ಅರ್ಜಿದಾರರ ಆರೋಪಗಳನ್ನು ಓದುತ್ತಾ ಕೂರಬೇಡಿ. ಎರಡು ಕಾಗದ ತೆಗೆಯಿರಿ. ಒಂದು, ಸಂಸ್ಥೆ ಹುಟ್ಟಿದ ಕಾಯ್ದೆ ಅಥವಾ ಆದೇಶ. ಇನ್ನೊಂದು, ಅವರ ನೇಮಕಾತಿಯ ಅಧಿಸೂಚನೆ. ಎಲ್ಲ ಮಂಡಳಿಗಳಿಗೂ ಒಂದೇ ಉತ್ತರ ನಡೆಯುತ್ತದೆ ಅಂತ ತಿಳಿದು ಹಳೆಯ ಕಡತದಿಂದ ಹಾಗೇ ನಕಲು ಮಾಡುವ ಅಭ್ಯಾಸ ಬಹಳ ಕಚೇರಿಗಳಲ್ಲಿದೆ, ಅದು ಅಪಾಯ. ಶಿವಮೊಗ್ಗದ ಮಲೆನಾಡು ಪ್ರದೇಶಾಭಿವೃದ್ಧಿ ಮಂಡಳಿ 1991ರ ತನ್ನದೇ ಕಾಯ್ದೆಯ ಕೆಳಗೆ ಬರುತ್ತದೆ. ನಗರಾಭಿವೃದ್ಧಿ ಪ್ರಾಧಿಕಾರಗಳಿಗೆ 1987ರ ಕಾಯ್ದೆ ಇದೆ, ಬೆಂಗಳೂರಿನದಕ್ಕೆ 1976ರ ಬೇರೆ ಕಾಯ್ದೆ. ಕಲಬುರಗಿಯ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಬೇರು ಸಂವಿಧಾನದ 371ಜೆ ವಿಧಿಯಲ್ಲೇ ಇದೆ. ಅಲ್ಲಿ ರಾಜ್ಯಪಾಲರಿಗೆ ವಿಶೇಷ ಹೊಣೆ ಇದೆ, ಮಂಡಳಿಯ ಕೆಲಸದ ವರದಿ ಪ್ರತಿ ವರ್ಷ ವಿಧಾನಸಭೆಯ ಮುಂದೆ ಹೋಗಬೇಕು. ಒಂದರ ಉತ್ತರವನ್ನು ಇನ್ನೊಂದಕ್ಕೆ ಅಂಟಿಸಿದರೆ ಎದುರು ವಕೀಲರು ಮೊದಲ ವಿಚಾರಣೆಯಲ್ಲೇ ಹಿಡಿಯುತ್ತಾರೆ.

ಈಗ ತೆಗೆದುಹಾಕಿದವರ ಪ್ರಕರಣ. ಅವರ ವಾದ ಸಾಮಾನ್ಯವಾಗಿ ಒಂದೇ: "ನನಗೆ ಮೂರು ವರ್ಷ ಅಂತ ಬರೆದುಕೊಟ್ಟಿದ್ದಾರೆ, ಅವಧಿ ಮುಗಿದಿಲ್ಲ, ನೋಟಿಸ್ ಕೊಟ್ಟಿಲ್ಲ." ಕೇಳಲು ನ್ಯಾಯವಾಗಿಯೇ ಇದೆ ಅಲ್ವಾ? ಆದರೆ ಕಾಯ್ದೆಯಲ್ಲಿ "ಸರ್ಕಾರದ ಇಚ್ಛೆ ಇರುವವರೆಗೆ" ಎಂಬ ಷರತ್ತು ಇದ್ದರೆ, ಅಥವಾ ಆದೇಶದಲ್ಲಿ "ಮುಂದಿನ ಆದೇಶದವರೆಗೆ" ಅಂತ ಇದ್ದರೆ, ಆ ಮೂರು ವರ್ಷ ಗರಿಷ್ಠ ಮಿತಿ ಮಾತ್ರ. ಅಷ್ಟು ಕಾಲ ಇಟ್ಟುಕೊಳ್ಳುತ್ತೇವೆ ಎಂಬ ಭರವಸೆ ಅದರಲ್ಲಿ ಇಲ್ಲ. ಉತ್ತರ ಪ್ರದೇಶದ ಶಹಜಹಾನ್‌ಪುರ ನಗರಪಾಲಿಕೆಗೆ ನಾಮನಿರ್ದೇಶನಗೊಂಡ ಮಹಿಳಾ ಸದಸ್ಯರನ್ನು ಸರ್ಕಾರ ತೆಗೆದಾಗ ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. 1993ರಲ್ಲಿ ಬಂದ ಓಂ ನಾರಾಯಣ್ ಅಗರ್‌ವಾಲ್ ತೀರ್ಪು ಹೇಳಿದ್ದು ಇಷ್ಟು: ನೇಮಕವಾದದ್ದು ಸರ್ಕಾರದ ಇಚ್ಛೆಯಿಂದ, ತೆಗೆಯಲೂ ಕಾಯ್ದೆ ಅದೇ ಇಚ್ಛೆಯನ್ನು ಕೊಟ್ಟಿದೆ, ಹಾಗಾಗಿ ಮೊದಲು ನೋಟಿಸ್ ಕೊಡಲಿಲ್ಲ ಎಂಬ ಕಾರಣಕ್ಕೆ ಆದೇಶ ಬೀಳುವುದಿಲ್ಲ. ಜನ ಆರಿಸಿ ಕಳಿಸಿದವರಿಗೂ ಸರ್ಕಾರ ಕೂರಿಸಿದವರಿಗೂ ವ್ಯತ್ಯಾಸ ಇದೆ ಎಂಬುದನ್ನೂ ಅದು ಎತ್ತಿ ಹೇಳಿತು.

ಇದನ್ನು ಓದಿದ ಕೆಲವು ಅಧಿಕಾರಿಗಳು ಸರ್ಕಾರ ಏನು ಬೇಕಾದರೂ ಮಾಡಬಹುದು ಅಂದುಕೊಳ್ಳುತ್ತಾರೆ. ಅದೂ ಸರಿಯಲ್ಲ. 2004ರಲ್ಲಿ ಕೇಂದ್ರದಲ್ಲಿ ಸರ್ಕಾರ ಬದಲಾದಾಗ ಉತ್ತರ ಪ್ರದೇಶ, ಗುಜರಾತ್, ಹರಿಯಾಣ, ಗೋವಾ ರಾಜ್ಯಪಾಲರನ್ನು ತೆಗೆದರು. ಆ ವಿಚಾರದಲ್ಲಿ ಬಿ.ಪಿ. ಸಿಂಘಲ್ ಪ್ರಕರಣದ ತೀರ್ಪನ್ನು 2010ರಲ್ಲಿ ಐದು ನ್ಯಾಯಮೂರ್ತಿಗಳ ಪೀಠ ಕೊಟ್ಟಿತು. ಅದರ ಪ್ರಕಾರ ಕಾರಣವನ್ನು ತಿಳಿಸಬೇಕಿಲ್ಲ, ಆದರೆ ಕಾರಣ ಇರಲೇಬೇಕು. ಹೊಸದಾಗಿ ಅಧಿಕಾರಕ್ಕೆ ಬಂದ ಪಕ್ಷದ ಸಿದ್ಧಾಂತಕ್ಕೆ ಹೊಂದುವುದಿಲ್ಲ ಎಂಬುದಷ್ಟೇ ಸಾಲದು. ಆ ಮಾತು ರಾಜ್ಯಪಾಲರ ಹುದ್ದೆಗೆ ಹೇಳಿದ್ದು, ಮಂಡಳಿ ಸದಸ್ಯರಿಗೆ ಅದು ಹಾಗೇ ಅನ್ವಯಿಸುವುದಿಲ್ಲ ಅಂತ ಸರ್ಕಾರದ ಕಡೆಯವರು ವಾದಿಸುತ್ತಾರೆ, ಆ ವಾದಕ್ಕೆ ಬಲವೂ ಇದೆ. ಹಾಗಿದ್ದರೂ ರದ್ದು ಮಾಡುವ ಕಡತದಲ್ಲಿ ಒಂದು ಸಾಲಿನ ಕಾರಣವೂ ಇಲ್ಲದಿದ್ದರೆ ನ್ಯಾಯಪೀಠದ ಮುಂದೆ ಉತ್ತರಿಸುವುದು ಕಷ್ಟ.

ಕಾರಣ ಬರೆಯಲು ಹೋಗಿ ಅತಿಯಾಗಿ ಬರೆಯುವುದು ಇನ್ನೊಂದು ತೊಂದರೆ, ಮತ್ತು ನನ್ನ ಅನುಭವದಲ್ಲಿ ಇದೇ ದೊಡ್ಡದು. "ಸರ್ಕಾರ ಈ ನಾಮನಿರ್ದೇಶನ ಹಿಂಪಡೆದಿದೆ" ಎಂದು ನಿಲ್ಲಿಸಿದ್ದರೆ ಆದೇಶ ಗಟ್ಟಿ. ಅದಕ್ಕೆ ಯಾರೋ "ಅವ್ಯವಹಾರದ ದೂರುಗಳ ಹಿನ್ನೆಲೆಯಲ್ಲಿ" ಅಂತ ಸೇರಿಸುತ್ತಾರೆ. ಆ ಮೂರು ಪದ ಬಂದ ಕ್ಷಣ ಅದು ಕಳಂಕ ಹಚ್ಚುವ ಆದೇಶವಾಗುತ್ತದೆ. ಆಗ ನೋಟಿಸ್ ಎಲ್ಲಿ, ವಿವರಣೆ ಕೇಳಿದಿರಾ ಎಂಬ ಪ್ರಶ್ನೆ ಏಳುತ್ತದೆ, ತಡೆಯಾಜ್ಞೆ ಸಿಗುವ ಸಾಧ್ಯತೆ ಹೆಚ್ಚುತ್ತದೆ. ಬರೆದದ್ದನ್ನು ಆಮೇಲೆ ಕೋರ್ಟಿಗೆ ಕೊಡುವ ಪ್ರಮಾಣಪತ್ರದಲ್ಲಿ (ಅಫಿಡವಿಟ್) ತಿದ್ದಿ ಚಂದ ಮಾಡೋಣ ಅಂದರೆ ಅದೂ ಆಗದು. ಆದೇಶದಲ್ಲಿ ಇರುವ ಕಾರಣದ ಮೇಲೆಯೇ ಆದೇಶ ನಿಲ್ಲಬೇಕು, ಹೊಸ ಕಾರಣ ಸೇರಿಸುವಂತಿಲ್ಲ ಅಂತ ಸುಪ್ರೀಂ ಕೋರ್ಟ್ ಮೊಹಿಂದರ್ ಸಿಂಗ್ ಗಿಲ್ ಪ್ರಕರಣದಲ್ಲಿ ಯಾವಾಗಲೋ ಹೇಳಿದೆ. ಕರಡು ನೋಡಲು ಅವಕಾಶ ಸಿಕ್ಕರೆ ನಾನು ಮೊದಲು ಹುಡುಕುವುದು ಇಂಥ ವಿಶೇಷಣಗಳನ್ನು. ನಿಜವಾಗಿ ಅವ್ಯವಹಾರ ನಡೆದಿದ್ದರೆ ಬೇರೆಯೇ ವಿಚಾರಣೆ ಮಾಡಿ, ದಾಖಲೆ ಇಟ್ಟು, ಅವರ ಮಾತೂ ಕೇಳಿ ಕ್ರಮ ತೆಗೆದುಕೊಳ್ಳಬೇಕು. ಒಬ್ಬ ಮನುಷ್ಯನ ಹೆಸರಿಗೆ ಸುಮ್ನೆ ಮಸಿ ಬಳಿಯಬಾರದು.

ಇನ್ನೊಂದು ಬಗೆಯ ಅರ್ಜಿ ಹೊರಗಿನವರು ಹಾಕುವುದು: "ಇವರು ಯಾವ ಅಧಿಕಾರದಿಂದ ಆ ಕುರ್ಚಿಯಲ್ಲಿ ಕೂತಿದ್ದಾರೆ?" ಇದಕ್ಕೆ ಕೋ ವಾರಂಟೊ ಅನ್ನುತ್ತಾರೆ. ಇದರ ಬಗ್ಗೆ ದೇಶವೆಲ್ಲ ಇಂದಿಗೂ ಉಲ್ಲೇಖಿಸುವ ತೀರ್ಪು ನಮ್ಮ ಮೈಸೂರು ವಿಶ್ವವಿದ್ಯಾಲಯದ ಒಂದು ನೇಮಕಾತಿಯದು, 1963ರದ್ದು. ಹುದ್ದೆ ಸಾರ್ವಜನಿಕ ಹುದ್ದೆ ಆಗಿರಬೇಕು, ನೇಮಕ ಕಾನೂನಿಗೆ ವಿರುದ್ಧವಾಗಿರಬೇಕು, ಇವೆರಡನ್ನೂ ತೋರಿಸಬೇಕು. ಇವರಿಗಿಂತ ಯೋಗ್ಯರು ಇದ್ದರು ಎಂಬ ವಾದ ಅಲ್ಲಿ ನಡೆಯದು. ಕರ್ನಾಟಕ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿಯ ವ್ಯವಸ್ಥಾಪಕ ನಿರ್ದೇಶಕರ ನೇಮಕವನ್ನು ನೌಕರರ ಸಂಘ ಪ್ರಶ್ನಿಸಿದಾಗ ಹೈಕೋರ್ಟ್ ನೇಮಕವನ್ನು ರದ್ದು ಮಾಡಿತ್ತು. 2006ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಿರುಗಿಸಿತು. ಕಾಯ್ದೆಯ ಯಾವ ನಿಯಮ ಮುರಿದಿದೆ ಅಂತ ತೋರಿಸದೆ ಈ ರಿಟ್ ಸಿಗುವುದಿಲ್ಲ ಎಂಬುದು ಅದರ ತಿರುಳು. ಪತ್ರಿಕೆಯಲ್ಲಿ ನೇಮಕ ನೋಡಿ ಸಿಟ್ಟು ಬಂದವರು ಕೋರ್ಟಿಗೆ ಹೋಗುವ ಮೊದಲು ಇದನ್ನು ಓದಿದರೆ ಖರ್ಚು ಉಳಿಯುತ್ತದೆ.

ಶಾಸಕರೇ ಅಧ್ಯಕ್ಷರಾದರೆ ಲಾಭದಾಯಕ ಹುದ್ದೆಯ ಪ್ರಶ್ನೆಯೂ ಬರುತ್ತದೆ, ಅಂದರೆ ಸರ್ಕಾರದಿಂದ ಹಣದ ಲಾಭ ಬರುವ ಹುದ್ದೆಯಲ್ಲಿದ್ದರೆ, ವಿನಾಯಿತಿ ಇಲ್ಲದಿದ್ದಲ್ಲಿ, ಸದಸ್ಯತ್ವವೇ ಹೋಗಬಹುದು. ಉತ್ತರ ಪ್ರದೇಶದ ಚಲನಚಿತ್ರ ಅಭಿವೃದ್ಧಿ ಪರಿಷತ್ತಿನ ಅಧ್ಯಕ್ಷೆಯಾಗಿದ್ದ ಕಾರಣಕ್ಕೆ ಜಯಾ ಬಚ್ಚನ್ 2006ರಲ್ಲಿ ರಾಜ್ಯಸಭೆಯ ಸದಸ್ಯತ್ವ ಕಳೆದುಕೊಂಡರು. ಗೌರವಧನ ಪಡೆದರೋ ಇಲ್ಲವೋ ಮುಖ್ಯವಲ್ಲ, ಪಡೆಯಲು ಅವಕಾಶ ಇತ್ತೇ ಎಂಬುದು ಮುಖ್ಯ ಅಂತ ಕೋರ್ಟ್ ಹೇಳಿತು. ನಮ್ಮಲ್ಲಿ ವಿನಾಯಿತಿ ಕೊಡಲು 1956ರ ಅನರ್ಹತೆ ನಿವಾರಣಾ ಕಾಯ್ದೆ ಇದೆ. ನಿಮ್ಮ ಮಂಡಳಿಯ ಹೆಸರು ಅದರ ವಿನಾಯಿತಿಯಲ್ಲಿ ಬರುತ್ತದೆಯೇ ಎಂದು ನೋಡಿ ಟಿಪ್ಪಣಿ ಇಡಿ.

ಇಷ್ಟೆಲ್ಲ ನಡೆಯುವಾಗ ಕಚೇರಿ ಏನಾಗುತ್ತದೆ ಎಂಬುದೇ ನನಗೆ ನಿಜವಾಗಿ ನೋವು ಕೊಡುವ ವಿಷಯ. ಸಭೆ ಕರೆಯುವವರು ಯಾರು ಅಂತ ಗೊತ್ತಾಗದೆ ಸಭೆ ಮುಂದಕ್ಕೆ ಹೋಗುತ್ತದೆ, ಕ್ರಿಯಾಯೋಜನೆಗೆ ಅನುಮೋದನೆ ಇಲ್ಲ, ರಸ್ತೆ ಕುಡಿಯುವ ನೀರು ಶಾಲಾ ಕೊಠಡಿ ಎಲ್ಲ ಕಡತದಲ್ಲೇ ಕೂತಿರುತ್ತವೆ, ಸಹಿ ಹಾಕಿದರೆ ಆಮೇಲೆ ನಮ್ಮ ತಲೆಗೆ ಬಂದೀತೇನೋ ಎಂಬ ಭಯದಲ್ಲಿ ಯಾರೂ ಸಹಿ ಹಾಕುವುದಿಲ್ಲ. ಆ ಭಯ ಬಹುಪಾಲು ಅನಗತ್ಯ. ನೇಮಕದಲ್ಲಿ ದೋಷ ಇತ್ತು ಅಂತ ಆಮೇಲೆ ತೀರ್ಮಾನವಾದರೂ, ಅಧಿಕಾರ ಇದೆ ಎಂಬ ನಂಬಿಕೆಯಲ್ಲಿ ಆ ಹುದ್ದೆಯಲ್ಲಿ ಕೂತು ಜನರಿಗಾಗಿ ಮಾಡಿದ ಕೆಲಸ ಬಿದ್ದುಹೋಗುವುದಿಲ್ಲ. ನ್ಯಾಯಾಧೀಶರ ನೇಮಕದ ವಿಚಾರದಲ್ಲೇ ಗೋಕರಾಜು ರಂಗರಾಜು ಪ್ರಕರಣದಲ್ಲಿ 1981ರಲ್ಲಿ ಸುಪ್ರೀಂ ಕೋರ್ಟ್ ಈ ತತ್ವ ಒಪ್ಪಿದೆ. ಸದಸ್ಯರ ಸ್ಥಾನ ಖಾಲಿ ಇದ್ದ ಮಾತ್ರಕ್ಕೆ ನಡವಳಿ ಅಸಿಂಧು ಆಗದು ಎಂಬ ಕಲಮು ಇಂಥ ಬಹಳಷ್ಟು ಕಾಯ್ದೆಗಳಲ್ಲಿ ಇರುತ್ತದೆ, ಹುಡುಕಿ ಆಯುಕ್ತರ ಮುಂದಿಡಿ. ಕೋರಂ (ಸಭೆಗೆ ಬೇಕಾದ ಕನಿಷ್ಠ ಹಾಜರಾತಿ) ಮಾತ್ರ ಬೇರೆ ವಿಷಯ, ಅದು ಇರಲೇಬೇಕು.

ರದ್ದತಿ ಆದೇಶ ಬಂದ ದಿನವೇ ಕೆಲವು ಕೆಲಸ ಮುಗಿಸಿ. ಆದೇಶ ತಲುಪಿದ ದಿನಾಂಕ, ಸಮಯ ಬರೆದು ಸ್ವೀಕೃತಿ ಪಡೆಯಿರಿ. ಕೊನೆಯ ಸಭೆಯ ನಡವಳಿ ಸಹಿಯಾಗಿದೆಯೇ ನೋಡಿ. ಕೇವಿಯಟ್ (ನಮ್ಮ ಮಾತು ಕೇಳದೆ ಆದೇಶ ಮಾಡಬೇಡಿ ಎಂದು ಕೋರ್ಟಿಗೆ ಮೊದಲೇ ಕೊಡುವ ಅರ್ಜಿ) ಹಾಕಿಸಿ, ಅದು 90 ದಿನ ಮಾತ್ರ ನಡೆಯುತ್ತದೆ, ನೆನಪಿಟ್ಟು ಮತ್ತೆ ಹಾಕಿಸಬೇಕು. ತಡೆಯಾಜ್ಞೆ ಬಂದರೆ ಅದರ ಪ್ರತಿ ಸಾಲನ್ನೂ ಓದಿ. ನೇಮಕ ರದ್ದತಿಗೆ ತಡೆಯೋ, ಹೊಸಬರ ನೇಮಕಕ್ಕೆ ತಡೆಯೋ, ಯಥಾಸ್ಥಿತಿಯೋ ಎಂಬುದರ ಮೇಲೆ ನಾಳೆ ಚೆಕ್ಕಿಗೆ ಯಾರ ಸಹಿ ಎಂಬುದು ತೀರ್ಮಾನವಾಗುತ್ತದೆ. ಬಾಯಿಮಾತಿನಲ್ಲಿ "ಸ್ಟೇ ಆಗಿದೆ" ಅಂದದ್ದನ್ನು ನಂಬಿ ಕಡತ ನಿಲ್ಲಿಸಬೇಡಿ.

ನನ್ನ ಅಭಿಪ್ರಾಯ ಕೇಳಿದರೆ, ಒಂದು ಪ್ರದೇಶದ ಹಿಂದುಳಿದಿರುವಿಕೆಯನ್ನು ಸರಿಪಡಿಸಲು ಹುಟ್ಟಿದ ಮಂಡಳಿಗೆ ಅಧ್ಯಕ್ಷರಾಗುವವರ ಅರ್ಹತೆ ಏನು, ಎಷ್ಟು ವರ್ಷ, ಯಾವ ಕಾರಣಕ್ಕೆ ಮಾತ್ರ ತೆಗೆಯಬಹುದು ಎಂಬುದನ್ನು ಕಾಯ್ದೆಯಲ್ಲೇ ಬರೆಯಬೇಕು. ಅದು ಶಾಸನಸಭೆಯ ಕೆಲಸ. ಕಾಯ್ದೆ ಎಲ್ಲವನ್ನೂ ಸರ್ಕಾರದ ಇಚ್ಛೆಗೆ ಬಿಟ್ಟಿರುವಾಗ ನ್ಯಾಯಾಲಯದಿಂದ ಅದಕ್ಕಿಂತ ಹೆಚ್ಚು ನಿರೀಕ್ಷಿಸಿ ವರ್ಷಗಟ್ಟಲೆ ಅಲೆದವರನ್ನು ನಾನು ಕಾರಿಡಾರಿನಲ್ಲಿ ನೋಡಿದ್ದೇನೆ. ಅಷ್ಟರಲ್ಲಿ ಅವರ ಪದಾವಧಿಯೇ ಮುಗಿದು, ಅರ್ಜಿ ಅನುಪಯುಕ್ತವಾಗಿ ವಿಲೇವಾರಿಯಾಗಿರುತ್ತದೆ.