ವಾಡ್ಸ್‌ಡನ್ ಬಂಗಲೆಯ ಕ್ರಿಸ್ಮಸ್ ದೀಪಗಳು: ಅಪ್ಪ ಅಮ್ಮ, ಮಕ್ಕಳ ಜೊತೆ ಹೋಗುವವರಿಗೆ

ಅಪ್ಪ ಅಮ್ಮ ಡಿಸೆಂಬರಿನಲ್ಲಿ ಇಂಗ್ಲೆಂಡಿಗೆ ಬಂದರೆ ಅವರನ್ನು ಎಲ್ಲಿಗೆ ಕರೆದುಕೊಂಡು ಹೋಗುವುದು ಎನ್ನುವುದೇ ದೊಡ್ಡ ಚಿಂತೆ. ಸಂಜೆ ನಾಲ್ಕಕ್ಕೆಲ್ಲ ಸೂರ್ಯ ಮುಳುಗಿರುತ್ತಾನೆ. ಊಟ ಮಾಡಿ ಒಂದು ಸಣ್ಣ ನಿದ್ದೆ ತೆಗೆದು ಏಳುವಷ್ಟರಲ್ಲಿ ಹೊರಗೆ ಕತ್ತಲು. ಹೀಟರ್ ಪಕ್ಕ ಕೂತು ಕೂತು ಅವರಿಗೂ ಬೇಜಾರು, ಸ್ಕೂಲಿಗೆ ರಜೆ ಬಿದ್ದ ಮಕ್ಕಳಿಗೂ ಬೇಜಾರು. ಹಾಗಾಗಿ ಕತ್ತಲಾದ ಮೇಲೇ ಚೆಂದ ಕಾಣುವಂಥ ಜಾಗವನ್ನೇ ಹುಡುಕಬೇಕು. ಇಲ್ಲಿನ ಹಳೆಯ ಶ್ರೀಮಂತರ ಬಂಗಲೆಗಳಲ್ಲಿ ಹಲವು ನವೆಂಬರ್ ಮಧ್ಯದಿಂದ ಹೊಸ ವರ್ಷದವರೆಗೆ ತೋಟಕ್ಕೆಲ್ಲ ದೀಪ ಹಾಕಿ ಜನರಿಗೆ ತೆರೆದಿಡುತ್ತವೆ. ಅವುಗಳಲ್ಲಿ ವಯಸ್ಸಾದವರು, ಚಿಕ್ಕ ಮಕ್ಕಳು ಇಬ್ಬರನ್ನೂ ಒಟ್ಟಿಗೆ ಕರೆದುಕೊಂಡು ಹೋಗಲು ನನಗೆ ಹೆಚ್ಚು ಹಿಡಿಸಿದ್ದು ಬಕಿಂಗಂಶೈರಿನ ವಾಡ್ಸ್‌ಡನ್ ಮ್ಯಾನರ್. ಏಲ್ಸ್‌ಬರಿಯಿಂದ ಬಿಸ್ಟರ್ ಕಡೆಗೆ ಹೋಗುವ ಎ41 ರಸ್ತೆಯಲ್ಲೇ ಸಿಗುತ್ತದೆ. ನಾವು ಮಿಲ್ಟನ್ ಕೀನ್ಸ್‌ನಿಂದ ಹೋಗಿದ್ದು, ಮುಕ್ಕಾಲು ಗಂಟೆಯ ದಾರಿ.

ಎಲ್ಲಕ್ಕಿಂತ ಮೊದಲು ಸಮಯದ ವಿಷಯ. ಬಹಳ ಜನ "ದೀಪ ನೋಡೋಕೆ ತಾನೇ" ಎಂದುಕೊಂಡು ಆರು ಗಂಟೆಯ ಹೊತ್ತಿಗೆ ಹೋಗುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಮೂರು, ಹೆಚ್ಚೆಂದರೆ ಮೂರೂವರೆಗೆ ಅಲ್ಲಿರುವಂತೆ ಟಿಕೆಟ್ ತೆಗೆದುಕೊಳ್ಳಿ. ಬೆಳಕಿದ್ದಾಗಲೇ ಬಂಗಲೆಯ ಎದುರು ನಿಂತರೆ ಅದರ ಜೇನುಬಣ್ಣದ ಕಲ್ಲು, ಚೂಪು ಗೋಪುರ, ಹೊಗೆಗೂಡು ಎಲ್ಲ ಸರಿಯಾಗಿ ಕಾಣುತ್ತವೆ. ನೋಡನೋಡುತ್ತಲೇ ಆಕಾಶ ನೀಲಿಗೆ ತಿರುಗಿ ಒಂದೊಂದೇ ದೀಪ ಎದ್ದು ಕಾಣತೊಡಗುತ್ತದೆ. ಆ ಅರ್ಧ ಗಂಟೆಯೇ ಇಡೀ ಸಂಜೆಯ ಜೀವ. ಫೋಟೋ ಕೂಡ ಆಗಲೇ ಚೆನ್ನಾಗಿ ಬರುವುದು. ಪೂರ್ತಿ ಕತ್ತಲಾದ ಮೇಲೆ ದೀಪವೊಂದೇ ಬೀಳುತ್ತದೆ, ಮುಖ ಬೀಳುವುದಿಲ್ಲ. ಅಲ್ಲದೆ ಆರು ಗಂಟೆಗೆಲ್ಲ ವಾಪಸ್ ಕಾರಿನಲ್ಲಿರಬಹುದು, ಚಳಿ ಜೋರಾಗುವ ಮೊದಲೇ.

ಟಿಕೆಟ್ ಮುಂಗಡವಾಗಿಯೇ ಮಾಡಿಸಬೇಕು. ಇಂಥ ಹಳೆಯ ಬಂಗಲೆ, ತೋಟಗಳನ್ನು ಕಾಪಾಡುವ ಸಂಸ್ಥೆಯಾದ ನ್ಯಾಷನಲ್ ಟ್ರಸ್ಟ್‌ನ ಮೆಂಬರ್ ಆಗಿದ್ದರೂ ಬುಕಿಂಗ್ ಮಾಡದೆ ಹೊರಡಬೇಡಿ. ತೋಟ ಮತ್ತು ದೀಪಗಳ ದಾರಿ ಒಂದು ಲೆಕ್ಕ, ಬಂಗಲೆಯ ಒಳಗೆ ಹೋಗುವುದು ಇನ್ನೊಂದು ಲೆಕ್ಕ. ನಿಮ್ಮ ಟಿಕೆಟ್‌ನಲ್ಲಿ ಯಾವುದು ಸೇರಿದೆ ಎಂದು ನೋಡಿಕೊಳ್ಳಿ. ಒಳಗಿನ ಟಿಕೆಟ್ ಮೊದಲು ಖಾಲಿಯಾಗುತ್ತದೆ, ವಾರಾಂತ್ಯದ್ದಂತೂ ಇನ್ನೂ ಬೇಗ. ವಾರದಲ್ಲಿ ಕೆಲವು ದಿನ ರಜೆಯೂ ಇರುತ್ತದೆ, ತಾರೀಖು ನೋಡದೆ ಆಫೀಸಿಗೆ ರಜೆ ಹಾಕಬೇಡಿ. ಸಾಧ್ಯವಾದರೆ ಸ್ಕೂಲ್ ರಜೆ ಶುರುವಾಗುವ ಮೊದಲೇ ವಾರದ ಮಧ್ಯದ ಒಂದು ದಿನ ಹೋಗಿ. ಮಕ್ಕಳನ್ನು ಸ್ಕೂಲಿನಿಂದ ನೇರವಾಗಿ ಹತ್ತಿಸಿಕೊಂಡು ಹೋದರೂ ನಡೆಯುತ್ತದೆ, ಆದರೆ ಆಗ ಮುಸ್ಸಂಜೆ ತಪ್ಪಿಹೋಗುತ್ತದೆ.

ಕಾರ್ ನಿಲ್ಲಿಸುವ ಜಾಗ ಗುಡ್ಡದ ಕೆಳಗಿದೆ, ಬಂಗಲೆ ಗುಡ್ಡದ ಮೇಲೆ. ನಡೆದುಕೊಂಡು ಹತ್ತಬಹುದು, ಕಾಲು ಗಂಟೆಗಿಂತ ಸ್ವಲ್ಪ ಹೆಚ್ಚು ಬೇಕು. ಶಟಲ್ ಬಸ್ ಓಡಾಡುತ್ತಿರುತ್ತದೆ. ಮಂಡಿನೋವು ಇರುವವರಿದ್ದರೆ ಹೋಗುವಾಗ ಬರುವಾಗ ಎರಡೂ ಸಲ ಬಸ್ಸನ್ನೇ ಹಿಡಿಯಿರಿ, ಅವರ ಶಕ್ತಿಯನ್ನು ತೋಟದಲ್ಲಿ ನಡೆಯಲು ಉಳಿಸಿ. ನಮ್ಮ ಅಮ್ಮ ಮೊದಲು "ನಾನು ಚಾಮುಂಡಿ ಬೆಟ್ಟ ಹತ್ತಿದೋಳು, ಇದ್ಯಾವ ಗುಡ್ಡ" ಎಂದು ಹಟ ಹಿಡಿದಿದ್ದರು. ಬಸ್ ಹತ್ತಿ ಕೂತ ಮೇಲೆ ಅವರಿಗೇ ಹಾಯೆನಿಸಿತು. ವ್ಹೀಲ್‌ಚೇರ್ ಬೇಕಿದ್ದರೆ ಮುಂಚೆಯೇ ಫೋನ್ ಮಾಡಿ ಕೇಳಿಕೊಳ್ಳಿ.

ಈ ಗುಡ್ಡದ ಕಥೆ ಸ್ವಲ್ಪ ಗೊತ್ತಿದ್ದರೆ ನೋಡುವ ಕಣ್ಣೇ ಬೇರೆಯಾಗುತ್ತದೆ. ಬ್ಯಾರನ್ ಫರ್ಡಿನಾಂಡ್ ಡಿ ರಾಥ್‌ಶೀಲ್ಡ್, ಬ್ಯಾಂಕಿಂಗ್ ಮನೆತನದವನು, 1874ರಲ್ಲಿ ಇದನ್ನು ಕೊಂಡಾಗ ಇದು ಬೋಳು ಗುಡ್ಡ. ತುದಿಯನ್ನು ಕಡಿದು ಮಟ್ಟ ಮಾಡಿಸಿ, ಫ್ರಾನ್ಸಿನಿಂದ ವಾಸ್ತುಶಿಲ್ಪಿಯನ್ನು ಕರೆಸಿ, ಫ್ರೆಂಚ್ ಅರಮನೆಗಳ ಮಾದರಿಯಲ್ಲೇ ಬಂಗಲೆ ಕಟ್ಟಿಸಿದ. ಮರ ಬೆಳೆಯುವವರೆಗೆ ಕಾಯುವ ತಾಳ್ಮೆ ಅವನಿಗಿರಲಿಲ್ಲ, ದೊಡ್ಡ ಮರಗಳನ್ನೇ ಬೇರುಸಮೇತ ಕುದುರೆಗಳ ಕೈಲಿ ಎಳೆಸಿ ನೆಡಿಸಿದ. ಇವತ್ತು ನಾವು ದೀಪ ನೋಡುತ್ತ ನಡೆಯುವುದು ಅವನು ಹಾಗೆ ಎಬ್ಬಿಸಿದ ತೋಪಿನಲ್ಲೇ. ಹೆಂಡತಿ ಎವಲೀನಾ ಮದುವೆಯಾಗಿ ಒಂದೂವರೆ ವರ್ಷದಲ್ಲೇ ಹೆರಿಗೆಯಲ್ಲಿ ತೀರಿಕೊಂಡಿದ್ದಳು. ಅವನು ಮತ್ತೆ ಮದುವೆಯಾಗಲಿಲ್ಲ. ಇಷ್ಟು ದೊಡ್ಡ ಬಂಗಲೆ ಮುಖ್ಯವಾಗಿ ವಾರಾಂತ್ಯಕ್ಕೆ ಬರುವ ಅತಿಥಿಗಳಿಗಾಗಿ. 1957ರಲ್ಲಿ ಅದು ನ್ಯಾಷನಲ್ ಟ್ರಸ್ಟ್‌ಗೆ ಬಂತು.

ಆ ಅತಿಥಿಗಳಲ್ಲಿ ಇಬ್ಬರ ಕಥೆಯನ್ನು ಮಕ್ಕಳಿಗೆ ಕಾರಿನಲ್ಲೇ ಹೇಳಿಬಿಡಿ. 1889ರಲ್ಲಿ ಪರ್ಷಿಯಾದ ಷಾ ಬಂದಿದ್ದ. ಬಂಗಲೆಯಲ್ಲಿ ಕೀಲಿ ಕೊಟ್ಟರೆ ಸೊಂಡಿಲು, ಕಿವಿ, ಬಾಲ ಅಲ್ಲಾಡಿಸುವ, ಸಂಗೀತ ನುಡಿಸುವ ಒಂದು ಯಂತ್ರದ ಆನೆ ಇದೆ, ಹದಿನೆಂಟನೇ ಶತಮಾನದ್ದು. ಷಾ ಅದನ್ನು ಮತ್ತೆ ಮತ್ತೆ ಆಡಿಸಿ ನೋಡಿದನಂತೆ. ಮರುವರ್ಷ, 1890ರಲ್ಲಿ ವಿಕ್ಟೋರಿಯಾ ರಾಣಿ ಬಂದಳು. ಬಂಗಲೆಗೆ ಆಗ ತಾನೇ ವಿದ್ಯುತ್ ದೀಪ ಬಂದಿತ್ತು. ರಾಣಿ ತೂಗುದೀಪದ ಸ್ವಿಚ್ಚನ್ನು ಹತ್ತು ನಿಮಿಷ ಹಾಕಿ ಆರಿಸಿ, ಹಾಕಿ ಆರಿಸಿ ನೋಡಿದಳು ಎಂದು ಹೇಳುತ್ತಾರೆ. ಇದನ್ನು ಕೇಳಿ ನಮ್ಮ ಚಿಕ್ಕವನು ನಂಬಲೇ ಇಲ್ಲ. ಅಮ್ಮ ಹಿಂದಿನ ಸೀಟಿನಿಂದ, "ನಿಜ ಇರ್ಬೇಕು ಕಣೋ, ನಮ್ಮ ಮನೆಗೆ ಕರೆಂಟ್ ಬಂದ ದಿನ ನಾನೂ ಹಂಗೇ ಮಾಡಿ ನಮ್ಮಪ್ಪನ ಕೈಲಿ ಬೈಸ್ಕೊಂಡಿದ್ದೆ" ಎಂದರು. ಅಲ್ಲಿ ಹೋದ ಮೇಲೆ ಅವನು ಪ್ರತಿ ಕೋಣೆಯಲ್ಲೂ ಮೇಲೆ ನೋಡಿ, ರಾಣಿ ಹಚ್ಚಿದ ದೀಪ ಇದೇನಾ ಎಂದು ಕೇಳುತ್ತಲೇ ಇದ್ದ.

ಒಳಗಿನ ಕೋಣೆಗಳಿಗೆ ಕ್ರಿಸ್ಮಸ್ ಅಲಂಕಾರ ಮಾಡಿರುತ್ತಾರೆ. ದೊಡ್ಡ ದೊಡ್ಡ ಕ್ರಿಸ್ಮಸ್ ಮರ, ಊಟಕ್ಕೆ ಸಜ್ಜಾದ ಮೇಜು. ವಯಸ್ಸಾದವರಿಗೆ ಒಳಗೆ ಬೆಚ್ಚಗಿರುವುದೇ ದೊಡ್ಡ ಅನುಕೂಲ. ಆದ್ದರಿಂದ ಹೊರಗೆ ಮುಸ್ಸಂಜೆ ನೋಡಿ, ಒಳಗೆ ಹೋಗಿ ಮೈ ಕಾಯಿಸಿಕೊಂಡು, ಆಮೇಲೆ ಉಳಿದ ದೀಪಗಳ ದಾರಿ ಮುಗಿಸುವ ಹಾಗೆ ಸಮಯ ಹೊಂದಿಸಿಕೊಂಡರೆ ಒಳ್ಳೆಯದು. ಅಲ್ಲಿನ ಪೀಠೋಪಕರಣ, ಪಿಂಗಾಣಿ ಯಾವುದನ್ನೂ ಮುಟ್ಟುವ ಹಾಗಿಲ್ಲ, ಚಿಕ್ಕ ಮಕ್ಕಳ ಕೈ ಹಿಡಿದುಕೊಂಡೇ ಇರಬೇಕು.

ಹೊರಗಿನ ದೀಪಗಳ ವಿನ್ಯಾಸ ವರ್ಷ ವರ್ಷ ಬದಲಾಗುತ್ತದೆ, ಆದರೆ ಬಂಗಲೆಯ ಗೋಡೆಯ ಮೇಲೆ ಬಣ್ಣ ಹರಿಸುವುದು, ಮರಗಳಿಗೆ ಕೆಳಗಿನಿಂದ ಬೆಳಕು ಬಿಡುವುದು ಇದ್ದೇ ಇರುತ್ತದೆ. ಅಪ್ಪ ಕೆಇಬಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಎಲ್ಲರೂ ಕತ್ತೆತ್ತಿ ಕೊಂಬೆ ನೋಡುತ್ತಿದ್ದರೆ ಅವರು ಬಗ್ಗಿ ಬುಡ ನೋಡುತ್ತಿದ್ದರು. ಒಂದು ಹಳೆಯ ಮರದ ಬುಡದಲ್ಲಿ, ಒದ್ದೆ ಎಲೆಗಳ ನಡುವೆ, ಅಂಗೈ ಅಗಲದ ಎಲ್‌ಇಡಿ ಪೆಟ್ಟಿಗೆಗಳನ್ನು ಬೇರಿನ ಹಿಂದೆ ಮರೆಮಾಡಿ ಇಟ್ಟಿದ್ದರು. ಕೆಂಪು ನಿಧಾನವಾಗಿ ನೇರಳೆಯಾಗುವಾಗ ತೊಗಟೆಯ ಒಂದೊಂದು ಬಿರುಕಿನಲ್ಲೂ ನೆರಳು ಜಾಗ ಬದಲಿಸುತ್ತಿತ್ತು. ಅಪ್ಪ ಮೊಮ್ಮಗನನ್ನು ಹತ್ತಿರ ಕರೆದು ತೋರಿಸಿದರು: "ನೋಡು, ನಮ್ಮ ಮೈಸೂರು ಅರಮನೇಲಿ ಬಲ್ಬೇ ಕಾಣ್ಬೇಕು, ಸಾಲು ಸಾಲಾಗಿ. ಇಲ್ಲಿ ಬಲ್ಬ್ ಕಾಣ್ಬಾರ್ದು, ಮರ ಕಾಣ್ಬೇಕು." ಸುಮಾರು ಒಂದು ಲಕ್ಷ ಬಲ್ಬ್ ಒಟ್ಟಿಗೆ ಹತ್ತುವ ಅರಮನೆಯನ್ನು ನೋಡಿಕೊಂಡು ಬೆಳೆದವರಿಗೆ ಇಲ್ಲಿ ಮೊದಲ ನೋಟಕ್ಕೆ "ಇಷ್ಟೇನಾ" ಅನ್ನಿಸಬಹುದು. ಅವರನ್ನು ಅವಸರ ಮಾಡಬೇಡಿ. ಒಂದೇ ಮರದ ಕೆಳಗೆ ಎರಡು ನಿಮಿಷ ನಿಲ್ಲಲು ಬಿಡಿ.

ದಾರಿಗೆ ಅಡ್ಡವಾಗಿ ಕೇಬಲ್ ಹೋಗುವ ಕಡೆ ರಬ್ಬರ್ ದಿಂಡು ಹಾಕಿರುತ್ತಾರೆ. ಕತ್ತಲಲ್ಲಿ ವಯಸ್ಸಾದವರು ಎಡವಬಹುದು, ಮಗುವಿನ ಗಾಡಿಯ ಚಕ್ರ ಸಿಕ್ಕಿಹಾಕಿಕೊಳ್ಳಬಹುದು, ನೋಡಿಕೊಂಡು ನಡೆಸಿ. ಮಳೆ ಬಂದಿದ್ದರೆ ಅಂಚಿನಲ್ಲಿ ಕೆಸರಿರುತ್ತದೆ. ತೋಟದಲ್ಲಿ ಕಬ್ಬಿಣದ ದೊಡ್ಡದೊಂದು ಹಕ್ಕಿಮನೆ ಇದೆ, 1889ರದ್ದು. ಅಳಿವಿನಂಚಿನಲ್ಲಿರುವ ಬಾಲಿಯ ಬಿಳಿ ಮೈನಾಗಳನ್ನು ಅಲ್ಲಿ ಸಾಕುತ್ತಾರೆ. ಹಕ್ಕಿ ನೋಡುವ ಆಸೆಯಿದ್ದರೆ ಮೊದಲು ಅಲ್ಲಿಗೇ ಹೋಗಿ, ಕತ್ತಲಾದ ಮೇಲೆ ಅವು ಕಾಣುವುದಿಲ್ಲ.

ಬಟ್ಟೆಯ ಬಗ್ಗೆ ಎಷ್ಟು ಹೇಳಿದರೂ ಕಡಿಮೆ. ಊರಿಂದ ಬಂದವರು ಒಂದು ದಪ್ಪ ಜಾಕೆಟ್ ಸಾಕು ಎಂದುಕೊಳ್ಳುತ್ತಾರೆ, ಆದರೆ ಚಳಿ ಮೊದಲು ಹಿಡಿಯುವುದು ಪಾದಕ್ಕೆ. ಉಲ್ಲನ್ ಕಾಲುಚೀಲ, ಮುಚ್ಚಿದ ಶೂ ಕಡ್ಡಾಯ. ಸೀರೆಯೇ ಬೇಕು ಎನ್ನುವ ಅಮ್ಮಂದಿರಿಗೆ ಒಳಗೆ ಥರ್ಮಲ್ ಪ್ಯಾಂಟ್ ಹಾಕಿಸಿ, ಸೀರೆಯನ್ನು ಪಾದದ ಮೇಲಕ್ಕೆ ಉಡಿಸಿ, ಕೆಳಗಿನ ಅಂಚು ನೆನೆದರೆ ಆಮೇಲೆ ಒಣಗುವುದೇ ಇಲ್ಲ. ಅಪ್ಪಂದಿರ ಮಂಕಿ ಕ್ಯಾಪ್ ಬಗ್ಗೆ ಯಾರೂ ಮುಜುಗರ ಪಡಬೇಕಿಲ್ಲ, ಆ ಗುಡ್ಡದ ಗಾಳಿಗೆ ಅದಕ್ಕಿಂತ ಒಳ್ಳೆಯದಿಲ್ಲ. ಚಳಿಗೆ ಫೋನ್ ಬ್ಯಾಟರಿಯೂ ಬೇಗ ಇಳಿಯುತ್ತದೆ, ಒಳಜೇಬಿನಲ್ಲಿಡಿ.

ಊಟಕ್ಕೆ ಅಲ್ಲಿನ ಕೆಫೆಗಳನ್ನೇ ನಂಬಿಕೊಳ್ಳಬೇಡಿ. ಹಾಟ್ ಚಾಕೊಲೇಟ್, ಚಿಪ್ಸ್, ಕೇಕ್ ಸಿಗುತ್ತದೆ, ಮಕ್ಕಳಿಗೆ ಅಷ್ಟೇ ಹಬ್ಬ. ಈರುಳ್ಳಿ ಬೆಳ್ಳುಳ್ಳಿ ತಿನ್ನದವರಿಗೆ, ಮೊಟ್ಟೆಯ ಕೇಕ್ ಬೇಡ ಎನ್ನುವವರಿಗೆ ಆಯ್ಕೆ ಕಡಿಮೆ. ನಾವು ಮಧ್ಯಾಹ್ನ ಹೊಟ್ಟೆ ತುಂಬ ಊಟ ಮಾಡಿ ಹೊರಟೆವು. ವಾಪಸ್ ಬಂದ ಮೇಲೆ ಕಾರಿನಲ್ಲೇ ತಿನ್ನಲು ಚಪಾತಿ ಪಲ್ಯದ ಸುರುಳಿ, ಪುಳಿಯೋಗರೆ, ಫ್ಲಾಸ್ಕಿನಲ್ಲಿ ಕಾಫಿ ಇತ್ತು. ಸಕ್ಕರೆ ಕಾಯಿಲೆ ಇರುವವರಿದ್ದರೆ ಮಾತ್ರೆ, ಒಂದು ಪೊಟ್ಟಣ ಬಿಸ್ಕತ್ತು ಕೈಚೀಲದಲ್ಲೇ ಇರಲಿ, ಕಾರು ಗುಡ್ಡದ ಕೆಳಗಿರುತ್ತದೆ ಎನ್ನುವುದು ನೆನಪಿರಲಿ. ಕ್ರಿಸ್ಮಸ್ ಸಂತೆ ನಡೆಯುವ ದಿನಗಳಲ್ಲಿ ಮರದ ಗೂಡಂಗಡಿಗಳ ಸಾಲು ಇರುತ್ತದೆ. ನೋಡಲು ಚೆಂದ, ಬೆಲೆ ಜಾಸ್ತಿ, ಜನಜಂಗುಳಿಯೂ ಜಾಸ್ತಿ.

ಕಾರಿಲ್ಲದವರು ಲಂಡನ್ನಿನ ಮ್ಯಾರಿಲ್‌ಬೋನ್ ಸ್ಟೇಷನ್ನಿನಿಂದ ಏಲ್ಸ್‌ಬರಿ ವೇಲ್ ಪಾರ್ಕ್‌ವೇಗೆ ರೈಲಿನಲ್ಲಿ ಬರಬಹುದು, ಒಂದು ಗಂಟೆ ಚಿಲ್ಲರೆ. ಅಲ್ಲಿಂದ ವಾಡ್ಸ್‌ಡನ್‌ಗೆ ನಡೆಯುವ, ಸೈಕಲ್ ಓಡಿಸುವ ದಾರಿ ಇದೆ, ಸುಮಾರು 4 ಕಿಲೋಮೀಟರ್. ಬೇಸಿಗೆಯಲ್ಲಿ ಅದು ಸೊಗಸಾಗಿರಬಹುದು, ಚಳಿಗಾಲದ ರಾತ್ರಿ ಮಕ್ಕಳ ಜೊತೆ ಬೇಡ. ಟ್ಯಾಕ್ಸಿಯನ್ನು ಹೋಗುವುದಕ್ಕೆ, ಬರುವುದಕ್ಕೆ ಎರಡಕ್ಕೂ ಮೊದಲೇ ಹೇಳಿಡಿ.

ವಾಡ್ಸ್‌ಡನ್ ಟಿಕೆಟ್ ಸಿಗದಿದ್ದರೆ ಆಕ್ಸ್‌ಫರ್ಡ್ ಹತ್ತಿರದ ಬ್ಲೆನಿಮ್ ಅರಮನೆ ಇದೆ, ವಿನ್‌ಸ್ಟನ್ ಚರ್ಚಿಲ್ ಹುಟ್ಟಿದ ಮನೆ. ಅಲ್ಲಿನ ದೀಪಗಳ ದಾರಿ ಉದ್ದ, ನಡಿಗೆ ಹೆಚ್ಚು. ಮಕ್ಕಳು ಹತ್ತು ದಾಟಿದ್ದು, ಜೊತೆಗೆ ಬರುವ ಹಿರಿಯರ ಕಾಲು ಗಟ್ಟಿಯಿದ್ದರೆ ಅದನ್ನೇ ಆರಿಸಿಕೊಳ್ಳಿ. ಎರಡೂ ಕಡೆ ಕ್ರಿಸ್ಮಸ್ ಹತ್ತಿರ ಬಂದಂತೆ ಮುಸ್ಸಂಜೆ ಹೊತ್ತಿನ ಟಿಕೆಟ್ ಸಿಗುವುದು ಕಷ್ಟ. ದೀಪಾವಳಿ ಮುಗಿದ ಕೂಡಲೇ ಕೂತು ಬುಕ್ ಮಾಡಿಬಿಡಿ.